ದಡಸಲು ಮರದ ನಾಲ್ಕನೆಯ ಮುಖ

ಬಹಳ ಹಿಂದೆ ಒಂದು ಊರಿತ್ತಂತೆ. ಊರು ಅಂದರೆ ಊರೂ ಅಲ್ಲ, ಕಾಡಿನ ನಡುವೆ ಹತ್ತಿಪ್ಪತ್ತು ಗುಡಿಸಲುಗಳ ಒಂದು ಹಾಡಿ. ಅಲ್ಲಿದ್ದವರು ಜೇನು ತೆಗೆಯುವ ಜನ. ಅವರಿಗೆ ಗದ್ದೆ ಇರಲಿಲ್ಲ, ದನ ಇರಲಿಲ್ಲ. ಬಂಡೆಯ ಮೇಲೆ ಹೆಜ್ಜೇನು ಇತ್ತು, ನೆಲದೊಳಗೆ ಗೆಣಸು ಇತ್ತು. ಅಷ್ಟು ಸಾಕಾಗಿತ್ತಂತೆ.

ಆ ಜನ ಮರಗಳಲ್ಲೂ ಮನೆತನ ನೋಡುತ್ತಿದ್ದರಂತೆ. ಬೂರುಗ, ದಡಸಲು, ಎಡಮುರಿ, ಕಾಡುಬೆಂಡೆ ಇವೆಲ್ಲ ಒಂದೇ ತಾಯಿಯ ಮಕ್ಕಳು ಅನ್ನುತ್ತಿದ್ದರು. ಅದು ಹೇಗೆ ಗೊತ್ತು ಅಂದರೆ, ಎಳೆಯ ಕಡ್ಡಿ ಚಿವುಟಿ ನೋಡಿ, ಬೆರಳಿಗೆ ಲೋಳೆ ಅಂಟುತ್ತದೆ. ಸೀಳಿ ನೋಡಿ, ಉದ್ದಕ್ಕೆ ನಾರು ಬರುತ್ತದೆ. ನಮ್ಮ ಅಡುಗೆಮನೆಯ ಬೆಂಡೆಕಾಯಿಗೂ ಅಂಗಳದ ದಾಸವಾಳಕ್ಕೂ ಅದೇ ಗುಣ. ಅವು ಕಾಡು ಬಿಟ್ಟು ಊರು ಸೇರಿದ ಕಿರಿಯ ತಂಗಿಯರಂತೆ.

ಇವರಲ್ಲಿ ದೊಡ್ಡಕ್ಕ ಬೂರುಗ. ಆನೆಯ ಹಾಗೆ ಮೈ, ಮೈತುಂಬ ಮುಳ್ಳು. ಬೇಸಿಗೆ ಬಂತು ಅಂದರೆ ಅದರ ಕಾಯಿ ಒಡೆದು ಬಿಳಿ ಹತ್ತಿ ಹಾರುತ್ತದೆ. ನೋಡಲು ಹತ್ತಿಯೇ, ಆದರೆ ಅದು ನೂಲಾಗುವುದಿಲ್ಲ. ಎಷ್ಟು ಹೊಸೆದರೂ ಒಂದು ಎಳೆ ಇನ್ನೊಂದು ಎಳೆಯನ್ನು ಹಿಡಿಯುವುದಿಲ್ಲ, ಜಾರಿ ಬಿಚ್ಚಿಕೊಳ್ಳುತ್ತದೆ. ದಡಸಲು ಅವಳ ತಂಗಿ. ಇವಳ ತೊಗಟೆಯ ನಾರನ್ನು ಹೊಸೆದು ಹಗ್ಗ ಮಾಡಿದರೆ ಹತ್ತು ಜನ ಹಿಡಿದು ಜಗ್ಗಿದರೂ ಹರಿಯುವುದಿಲ್ಲ.

ಹಾಡಿಯಲ್ಲಿ ಯಾರಿಗೆ ಕೂಸು ಹುಟ್ಟಿದರೂ ಆ ದಿನವೇ ಒಂದು ದಡಸಲು ಸಸಿ ನೆಡುತ್ತಿದ್ದರಂತೆ. ಎಲ್ಲಿ ನೆಡಬೇಕು? ತಾಯಿಯ ಮರದ ಪಡುವಲಿಗೆ, ಬೆಳಗಿನ ನೆರಳು ಬೀಳುವ ಕಡೆ. ಕೂಸಿನ ಹೊಕ್ಕುಳಬಳ್ಳಿಯನ್ನು ಆ ಸಸಿಯ ಬುಡದಲ್ಲಿ ಹೂಳುತ್ತಿದ್ದರು. ಅಲ್ಲಿಂದ ಮುಂದೆ ಆ ಮರ ಆ ಮನುಷ್ಯನದು. ಮರಕ್ಕೆ ನಾಲ್ಕು ಮುಖ. ಹೆಣ್ಣಾದರೆ, ಮೂಡಲ ಮುಖದ ತೊಗಟೆ ಮದುವೆಯ ಹಗ್ಗಕ್ಕೆ. ತೆಂಕಲ ಮುಖದ್ದು ತೊಟ್ಟಿಲ ಹಗ್ಗಕ್ಕೆ. ಪಡುವಲ ಮುಖದ್ದು ಕೊನೆಯ ಕಟ್ಟು ಕಟ್ಟುವುದಕ್ಕೆ. ಸತ್ತವರನ್ನು ಚಾಪೆಯಲ್ಲಿ ಸುತ್ತಿ ಕಾಲು, ಸೊಂಟ, ಎದೆ ಮೂರು ಕಡೆ ಆ ನಾರಿನಿಂದ ಕಟ್ಟಿ ಮಣ್ಣು ಮಾಡುತ್ತಿದ್ದರು. ಬಡಗಲ ಮುಖವನ್ನು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲ. ಅದು ಮರದ್ದು. ಸುತ್ತಲೂ ತೊಗಟೆ ಹೋದರೆ ಮರ ಸಾಯುತ್ತದೆ. ಗಂಡಸರ ಮರದ ಲೆಕ್ಕ ಬೇರೆ ಇತ್ತು, ಅದು ಈ ಕಥೆಗೆ ಬೇಡ.

ಕೊನೆಯ ಕಟ್ಟಿಗೆ ಮಾತ್ರ ಒಬ್ಬರ ನಾರು ಇನ್ನೊಬ್ಬರಿಗೆ ಆಗುತ್ತಿರಲಿಲ್ಲವಂತೆ. ಕಟ್ಟಿದರೂ ಗಂಟು ಕೂಡುತ್ತಿರಲಿಲ್ಲ. ಕಟ್ಟಿಲ್ಲದೆ ಹೋದವರು ಏನಾಗುತ್ತಾರೆ? ಅವರನ್ನು ಹಾಡಿಯ ಎಲ್ಲೆಯಲ್ಲಿದ್ದ ಹಳೆಯ ಬೂರುಗದ ಬುಡದಲ್ಲಿ ಹಾಗೇ ಮಣ್ಣು ಮಾಡುತ್ತಿದ್ದರು. ಅವರು ಹತ್ತಿಯಾಗಿ ಹಾರುತ್ತಾರೆ ಅನ್ನುತ್ತಿದ್ದರು. ನೂಲಾಗುವುದಿಲ್ಲ, ನೆಲ ಸೇರುವುದಿಲ್ಲ, ಸುಮ್ಮನೆ ಹಾರುತ್ತಲೇ ಇರುತ್ತಾರೆ. ಎಳೆ ಕೂಸು ಸತ್ತರೆ ಅದರ ಸಸಿ ಇನ್ನೂ ಕಡ್ಡಿಯಷ್ಟೇ ಇರುತ್ತದೆ, ಅದರಲ್ಲಿ ನಾರೆಲ್ಲಿಂದ ಬರಬೇಕು? ಹಾಗಾಗಿ ಹಾಡಿಯ ಎಳೆ ಕೂಸುಗಳೆಲ್ಲ ಬೂರುಗದ ಬುಡಕ್ಕೇ ಹೋಗುತ್ತಿದ್ದವಂತೆ. ಬೇಸಿಗೆಯಲ್ಲಿ ಹತ್ತಿ ಹಾರುವಾಗ ಎಷ್ಟೋ ಹೆಂಗಸರು ಗುಡಿಸಲಿನ ತಟ್ಟಿಬಾಗಿಲು ಮುಚ್ಚಿಕೊಂಡು ಒಳಗೇ ಇರುತ್ತಿದ್ದರಂತೆ.

ಇಂಥ ಹಾಡಿಯಲ್ಲಿ ಕೇತಿ ಅಂತ ಒಬ್ಬಳು ಇದ್ದಳು. ಅವಳಿಗೆ ಜಡೆಯ ಅಂತ ಒಬ್ಬನೇ ತಮ್ಮ. ಅಪ್ಪ ಅವ್ವ ಇರಲಿಲ್ಲ. ಕೇತಿಯನ್ನು ಹೊಳೆಯಾಚೆಯ ಮಸಣ ಅನ್ನುವವನು ಮೆಚ್ಚಿ ಕೇಳಿದ. ಮದುವೆಯಾದ ಮೇಲೆ ಇದೇ ಹಾಡಿಯಲ್ಲಿ ಗುಡಿಸಲು ಹಾಕುತ್ತೇನೆ ಅಂದ. ಮದುವೆ ಗೊತ್ತಾಯಿತು. ಮದುವೆಯ ಹಗ್ಗವನ್ನು ಹೆಣ್ಣಿನ ತಮ್ಮನೋ ಅಣ್ಣನೋ ಹೊಸೆಯಬೇಕು. ಆಮೇಲೆ ಗಂಡ ಆ ಹಗ್ಗ ಹಿಡಿದು ಬಂಡೆಯ ಅಂಚಿನಿಂದ ಜೇನಿಗೆ ಇಳಿಯುತ್ತಾನೆ, ಮೇಲೆ ನಿಂತು ಹಗ್ಗ ಕಾಯುವವನು ಹೆಂಡತಿಯ ತಮ್ಮ. ತನ್ನ ಅಕ್ಕ ಮುಂಡೆಯಾಗಲಿ ಅಂತ ಯಾವ ತಮ್ಮನೂ ಹಗ್ಗ ಬಿಡುವುದಿಲ್ಲವಲ್ಲ, ಅದಕ್ಕೇ ಹಾಗೆ.

ಜಡೆಯ ಕತ್ತಿ ಹಿಡಿದು ಅಕ್ಕನ ಮರದ ಹತ್ತಿರ ಹೋದ. ಆಗಿನ ಕಾಲಕ್ಕೆ ಮರಗಳು ಮಾತಾಡುತ್ತಿದ್ದವಂತೆ. ಕೇಳದೆ ಯಾರೂ ಕತ್ತಿ ಇಡುತ್ತಿರಲಿಲ್ಲ.

ಮರ ಕೇಳಿತು, "ಯಾರು? ಯಾವ ಮುಖ? ಯಾತಕ್ಕೆ?"

"ನಾನು ಜಡೆಯ, ಕೇತಿಯ ತಮ್ಮ. ಮೂಡಲ ಮುಖ. ಭಾವನ ಹಗ್ಗಕ್ಕೆ."

"ಅಂಗೈ ಅಗಲ ತಕ್ಕೋ. ಮೂರು ಮುಖ ನಿಮಗೆ, ಒಂದು ಮುಖ ನನಗೆ" ಅಂದಿತು ಮರ.

ಜಡೆಯ ತೊಗಟೆ ತೆಗೆದ, ಹೊಳೆಯಲ್ಲಿ ನೆನೆಹಾಕಿದ, ಲೋಳೆ ತೊಳೆದ, ಹಗ್ಗ ಹೊಸೆದ. ಮೊದಲ ಸಲ ಬಂಡೆಗೆ ಹೋದಾಗ ಮಸಣ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಕೆಳಗೆ ನೋಡಿದ. ಕೆಳಗೆ ಹೊಳೆ ದಾರದ ಹಾಗೆ ಕಾಣುತ್ತಿತ್ತಂತೆ.

"ಏ ಬಾಮೈದ, ಮದುವೆ ಊಟದಲ್ಲಿ ನಿನ್ನ ಪಾಲಿನ ಬಾಡು ನಾನೇ ತಿಂದೆ ಅಂತ ಸಿಟ್ಟು ಇದೆಯೇನೋ?"

"ಇದೆ ಭಾವ."

"ಇದ್ದರೆ ಮನೆಗೆ ಹೋದ ಮೇಲೆ ತೀರಿಸಿಕೋ ಮಾರಾಯ, ಇಲ್ಲಿ ಬೇಡ."

"ಸುಮ್ಮನೆ ಇಳಿ ಭಾವ. ನೀನು ಬಿದ್ದರೆ ನನ್ನ ಅಕ್ಕ ಮತ್ತೆ ನನ್ನ ಗುಡಿಸಲಿಗೇ ಬರ್ತಾಳೆ. ಅವಳ ಬಾಯಿ ಕೇಳೋಕೆ ನನ್ನ ಕೈಲಾಗೋದಿಲ್ಲ."

ಇಬ್ಬರೂ ನಕ್ಕರು. ಹಗ್ಗ ಗಟ್ಟಿಯಾಗಿತ್ತು, ಜೇನು ಬಂತು.

ಎರಡು ಮಳೆಗಾಲ ಕಳೆಯಿತು. ಕೇತಿ ಬಸುರಾದಳು. ದಿನ ತುಂಬಿದಾಗ ತಾನೇ ಹೋಗಿ ಮರದ ಮುಂದೆ ನಿಂತಳು.

"ಯಾರು? ಯಾವ ಮುಖ? ಯಾತಕ್ಕೆ?"

"ನಾನು ಕೇತಿ. ತೆಂಕಲ ಮುಖ. ತೊಟ್ಟಿಲ ಹಗ್ಗಕ್ಕೆ."

"ಅಂಗೈ ಅಗಲ ತಕ್ಕೋ. ಮೂರು ಮುಖ ನಿಮಗೆ, ಒಂದು ಮುಖ ನನಗೆ."

ಹೆಣ್ಣು ಕೂಸು ಹುಟ್ಟಿತು. ಹಾಡಿಯ ಹಿರಿಯಳು ಗಿಡ್ಡವ್ವ ಬಂದು ಹೊಕ್ಕುಳಬಳ್ಳಿ ಕತ್ತರಿಸಿದಳು. ಕಟ್ಟಿನ ವಿಷಯಕ್ಕೆ, ಸಸಿಯ ವಿಷಯಕ್ಕೆ ಅವಳ ಮಾತೇ ಕೊನೆ. ಕೇತಿಯ ಮರದ ಪಡುವಲಿಗೆ ಒಂದು ಸಸಿ ನೆಟ್ಟರು. ಆ ಹಾಡಿಯಲ್ಲಿ ಮೊದಲ ಹಲ್ಲು ಮೂಡಿದ ಮೇಲೆ ಹೆಸರಿಡುತ್ತಿದ್ದರಂತೆ. ಅಲ್ಲಿಯವರೆಗೆ ಕೂಸು ಬರೀ ಕೂಸು. ಮಸಣ ಜೇನಿಗೆ ಹೋಗಿ ಬಂದರೆ ಮೊದಲು ಕೈ ತೊಳೆದು, ಆಮೇಲೆ ಕಿರುಬೆರಳು ಜೇನಿಗೆ ಅದ್ದಿ ಕೂಸಿನ ಬಾಯಿಗೆ ಇಡುತ್ತಿದ್ದ. ಕೂಸು ಬೆರಳು ಬಿಡುತ್ತಿರಲಿಲ್ಲ.

"ಹಿಡಿ ನೋಡು ಇವಳದು. ನಿನ್ನ ತಮ್ಮನಿಗಿಂತ ಇವಳೇ ಹಗ್ಗ ಚೆನ್ನಾಗಿ ಕಾಯ್ತಾಳೆ" ಅನ್ನುತ್ತಿದ್ದ.

ಕೂಸಿನ ಕತ್ತು ನಿಂತಿತು. ಮಗ್ಗುಲಾಯಿತು. ಜಡೆಯನನ್ನು ಕಂಡರೆ ನಗುವುದು ಕಲಿಯಿತು. ಹಲ್ಲು ಇನ್ನೂ ಮೂಡಿರಲಿಲ್ಲ. ಆ ವರ್ಷ ಮಳೆ ಹಿಡಿದು ಬಿಡಲಿಲ್ಲ. ಕೂಸಿಗೆ ಜ್ವರ ಬಂತು. ಬೇರು ತೇಯ್ದು ಕೊಟ್ಟರು, ಸೊಪ್ಪಿನ ರಸ ಕೊಟ್ಟರು. ಮೂರನೆಯ ದಿನ ಬೆಳಿಗ್ಗೆ ಮಳೆ ನಿಂತಿತು. ಕೇತಿ ತೊಟ್ಟಿಲಿಗೆ ಕೈ ಹಾಕಿದಳು. ಕೂಸು ತಣ್ಣಗಿತ್ತು.

ಗಿಡ್ಡವ್ವ ಬಂದು ಕೂತಳು. ಹಾಡಿಯ ಜನ ಬಂದು ನಿಂತರು. ಸ್ವಲ್ಪ ಹೊತ್ತಾದ ಮೇಲೆ ಗಿಡ್ಡವ್ವ, "ಕೊಡು ಮಗಳೇ, ಬೂರುಗದ ಹತ್ತಿರ ಹೋಗಿ ಬರ್ತೀವಿ" ಅಂದಳು.

"ಕೊಡೋದಿಲ್ಲ ಅವ್ವ."

"ಎಳೆ ಕೂಸು ಕಣೇ. ಕಟ್ಟಿಗೆ ನಾರಿಲ್ಲ."

"ನನ್ನ ಮರದಲ್ಲಿ ಇದೆ. ಪಡುವಲ ಮುಖ ಇದೆ."

ಗಿಡ್ಡವ್ವ ಅವಳನ್ನೇ ನೋಡಿದಳು. "ಅದು ನಿನ್ನ ಕೊನೆಯ ಕಟ್ಟಿಗೆ. ಅದನ್ನ ಕೊಟ್ಟುಬಿಟ್ಟರೆ ನಾಳೆ ನಿನಗೇನು?"

"ತಾಯಿಯ ನಾರು ಕೂಸಿಗೆ ಆಗುತ್ತೋ ಇಲ್ಲವೋ, ಅಷ್ಟು ಹೇಳವ್ವ."

ಗಿಡ್ಡವ್ವ ಬಹಳ ಹೊತ್ತು ಯೋಚಿಸಿದಳಂತೆ. "ಆಗಬಹುದು. ಇಬ್ಬರೂ ಒಂದೇ ಬಳ್ಳಿಯಲ್ಲಿ ಇದ್ದವರು. ಆದರೆ ಇಲ್ಲಿವರೆಗೆ ಯಾರೂ ಕೊಟ್ಟಿಲ್ಲ. ಕೊಟ್ಟರೆ ನೀನು ಹತ್ತಿಯಾಗ್ತೀಯ ಕೇತಿ. ಬೇಸಿಗೆ ಬಂದಾಗಲೆಲ್ಲ ಹಾರ್ತಾ ಇರ್ತೀಯ."

"ಇವಳು ಇನ್ನೂ ಕೂರೋಕೆ ಕಲಿತಿಲ್ಲ" ಅಂದಳು ಕೇತಿ. "ಹಾರು ಅಂತ ಹ್ಯಾಗೆ ಬಿಡಲಿ?"

ಕೇತಿ ಕೂಸನ್ನು ಮಸಣನ ತೊಡೆಯ ಮೇಲೆ ಮಲಗಿಸಿ ಕತ್ತಿ ತೆಗೆದುಕೊಂಡು ಹೋದಳು.

"ಯಾರು? ಯಾವ ಮುಖ? ಯಾತಕ್ಕೆ?"

"ನಾನು ಕೇತಿ. ಪಡುವಲ ಮುಖ. ಕಟ್ಟಿಗೆ."

"ಯಾರ ಕಟ್ಟಿಗೆ?" ಅಂದಿತು ಮರ. ಅದು ಹಾಗೆ ಎಂದೂ ಕೇಳಿದ್ದಿಲ್ಲ.

"ಕೂಸಿನ ಕಟ್ಟಿಗೆ."

ಮರದ ಎಲೆಯ ಮೇಲಿನ ಮಳೆಹನಿ ತೊಟ್ಟಿಕ್ಕುತ್ತಿತ್ತು. "ಬೆರಳಗಲ ಸಾಕು ಅವಳಿಗೆ. ಆದರೆ ಬೆರಳಗಲ ತೆಗೆದರೂ ಮುಖ ಮುಗಿದ ಹಾಗೇ. ಇನ್ನು ನಿನಗೆ ನನ್ನಲ್ಲಿ ಏನೂ ಇಲ್ಲ" ಅಂದಿತು.

"ಗೊತ್ತು."

"ಮೂರು ಮುಖ ನಿಮಗೆ, ಒಂದು ಮುಖ ನನಗೆ."

"ಗೊತ್ತು" ಅಂದಳು ಕೇತಿ.

ಬೆರಳಗಲ ನಾರಿನಿಂದ ಕೂಸನ್ನು ಕಟ್ಟಿದರು. ಕಾಲು, ಸೊಂಟ, ಎದೆ. ಗಂಟು ಕೂಡಿತು. ಸಸಿಯಿಂದ ಸ್ವಲ್ಪ ದೂರದಲ್ಲಿ, ಹಾಡಿಯ ದೊಡ್ಡವರನ್ನು ಮಣ್ಣು ಮಾಡುವ ಜಾಗದಲ್ಲೇ ಕೂಸಿಗೂ ಜಾಗ ಮಾಡಿದರು. ಅಷ್ಟು ಚಿಕ್ಕ ಗುಂಡಿ ಆ ಜಾಗದಲ್ಲಿ ಅದೇ ಮೊದಲಂತೆ.

ಇನ್ನೊಂದು ಕೆಲಸ ಉಳಿದಿತ್ತು. ಸತ್ತ ಕೂಸಿನ ಸಸಿಯನ್ನು ಮೂರನೆಯ ದಿನ ಕಿತ್ತು ಹೊಳೆಗೆ ಬಿಡಬೇಕು. ಗಿಡ ನೆಲದಲ್ಲಿದ್ದರೆ ಕೂಸಿನ ಕಾಲೂ ನೆಲದಲ್ಲೇ ಇರುತ್ತದೆ, ಅದು ಹೋಗದೆ ಇನ್ನೊಂದು ಕೂಸು ಬರುವುದಿಲ್ಲ ಅಂತ ಅವರ ನಂಬಿಕೆ. ಮಸಣ ಎದ್ದ. ಕೇತಿ ಅವನ ಕೈ ಹಿಡಿದು ಕೂರಿಸಿದಳು.

"ನಾನು ಕೀಳ್ತೀನಿ. ನನ್ನ ಹೊಟ್ಟೆಯದು."

ಹೋದಳು. ಸಸಿಯ ಮುಂದೆ ಕೂತಳು. ಸಸಿ ಮೊಣಕೈ ಉದ್ದ ಇತ್ತು, ತುದಿಯಲ್ಲಿ ಆ ದಿನವೇ ಬಿಚ್ಚಿದ ಒಂದು ಎಲೆ. ಕೇತಿ ಕೈ ಇಟ್ಟಳು. ಕೈ ತೆಗೆದಳು. ಪಕ್ಕದಲ್ಲೇ ಎಡಮುರಿ ಗಿಡಗಳ ಪೊದೆ ಇತ್ತು. ಕಾಯಿ ಹಗ್ಗದ ಹಾಗೆ ತಿರುಚಿಕೊಂಡಿರುತ್ತದಲ್ಲ, ಆ ಎಡಮುರಿ. ಅದೂ ಅದೇ ಮನೆತನದ್ದು. ಕೇತಿ ಮೊಣಕೈ ಉದ್ದದ ಒಂದು ಎಡಮುರಿ ಗಿಡ ಕಿತ್ತಳು, ಎಲೆಗಳನ್ನೆಲ್ಲ ತರಿದಳು, ಬರೀ ಕಡ್ಡಿ ಮತ್ತು ಬೇರು ಹಿಡಿದುಕೊಂಡು ಬಂದಳು.

ಗಿಡ್ಡವ್ವನ ಕಣ್ಣು ಆಗಲೇ ಮಂಜಾಗಿತ್ತು. ಅವಳು ಕಡ್ಡಿಯನ್ನು ಕೈಗೆ ತೆಗೆದುಕೊಂಡು ಚಿವುಟಿದಳು. ಲೋಳೆ ಬಂತು. ಉಗುರಿನಿಂದ ಸೀಳಿದಳು. ನಾರು ಬಂತು. ಬೇರನ್ನು ಮೂಗಿಗೆ ಹಿಡಿದು ಒಂದು ಸಲ ಮೂಸಿದಳು, ಇನ್ನೊಂದು ಸಲ ಮೂಸಿದಳು.

"ಸರಿ. ಹೊಳೆಗೆ ಬಿಡು" ಅಂದಳು.

ಎಡಮುರಿ ಹೊಳೆಯಲ್ಲಿ ಹೋಯಿತು. ದಡಸಲು ನೆಲದಲ್ಲಿ ಉಳಿಯಿತು.

ಒಂದು ವರ್ಷ ಹೋಯಿತು, ಎರಡು ವರ್ಷ ಹೋಯಿತು, ಐದು ವರ್ಷ ಹೋಯಿತು. ಕೇತಿಗೆ ಇನ್ನೊಂದು ಕೂಸು ಆಗಲಿಲ್ಲ. ತೊಟ್ಟಿಲ ಹಗ್ಗ ಸೂರಿನಲ್ಲಿ ಸುತ್ತಿಟ್ಟ ಹಾಗೇ ಇತ್ತು. ಹೊಳೆಗೆ ನೀರಿಗೆ ಹೋದಾಗ ಹೆಂಗಸರು ಅವಳ ಹೊಟ್ಟೆಯ ಕಡೆ ನೋಡಿ ಮಾತು ಬದಲಿಸುತ್ತಿದ್ದರು. ಮಸಣ ಏನೂ ಕೇಳುತ್ತಿರಲಿಲ್ಲ. ಆದರೆ ಕೇತಿ ದಿನಾ ನೀರು ತರುವಾಗ ಸುತ್ತಿನ ದಾರಿಯಲ್ಲಿ ಬರುವುದನ್ನು, ಮನೆಗೆ ಬಂದಾಗ ಸೋರೆಬುರುಡೆಯಲ್ಲಿ ನೀರು ಅರ್ಧವೇ ಇರುವುದನ್ನು ನೋಡಿದ. ಒಂದು ದಿನ ಹಿಂದೆಯೇ ಹೋದ.

ಸಸಿ ಅಷ್ಟರಲ್ಲಿ ಅವನ ಎದೆಯೆತ್ತರ ಬೆಳೆದಿತ್ತು. ಕೇತಿ ಅದರ ಬುಡಕ್ಕೆ ನೀರು ಹೊಯ್ಯುತ್ತಿದ್ದಳು. ಮಸಣನಿಗೆ ಎಲ್ಲ ತಿಳಿಯಿತು.

"ಇದಕ್ಕೇನೇ ಕೇತಿ? ಇಷ್ಟು ವರ್ಷ ಇದಕ್ಕೇನಾ?"

ಕೇತಿ ತಿರುಗಿ ನೋಡಲಿಲ್ಲ. "ಕೂಸು ಇಲ್ಲ. ಕೂಸಿನ ಗಿಡವೂ ಇರಬಾರದು ಅಂದರೆ ನಾನು ಎಲ್ಲಿ ನೋಡಲಿ? ಬೇಕಾದರೆ ನೀನು ಕಿತ್ತುಹಾಕು. ನಾನು ತಡೆಯೋದಿಲ್ಲ. ನನ್ನ ಕೈಯಲ್ಲಿ ಆಗೋದಿಲ್ಲ."

ಮಸಣನಿಗೂ ಮಕ್ಕಳ ಆಸೆ ಇತ್ತು. ಅವನು ಮುಂದೆ ಬಂದು ಎರಡೂ ಕೈಯಲ್ಲಿ ಸಸಿಯನ್ನು ಹಿಡಿದ. ಹಿಡಿದ ಹಾಗೇ ನಿಂತ. ಬಂಡೆಯಿಂದ ಜೇನು ತುಂಬಿದ ಬುಟ್ಟಿ ಎಳೆದ ಕೈ ಅದು. ಸಸಿ ಅಲ್ಲಾಡಲಿಲ್ಲವಂತೆ.

"ಬೇರು ಆಳಕ್ಕೆ ಹೋಗಿದೆ" ಅಂದ. "ಬರೋದಿಲ್ಲ ಇದು."

ಮಾರನೆಯ ದಿನ ಅವನೇ ಮುಳ್ಳು ಕಡಿದು ತಂದು ಸಸಿಯ ಸುತ್ತ ಬೇಲಿ ಕಟ್ಟಿದ. ಜಿಂಕೆ ಬಾಯಿ ಹಾಕಬಾರದಲ್ಲ.

ಒಂದು ರಾತ್ರಿ ಊಟ ಮಾಡುವಾಗ ಮಸಣ, "ನನ್ನ ಮರದ ನಾರು ನಿನಗೆ ಕೊಡ್ತೀನಿ. ಆಗುತ್ತೋ ಇಲ್ಲವೋ ನೋಡೋಣ" ಅಂದ.

"ನೀನೇನು ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದೀಯಾ?" ಅಂದಳು ಕೇತಿ. "ಸುಮ್ಮನೆ ಗೆಣಸು ತಿನ್ನು, ಆರಿಹೋಗುತ್ತೆ."

ಗಿಡ್ಡವ್ವ ಹಣ್ಣು ಹಣ್ಣು ಮುದುಕಿಯಾಗಿ ಹಾಸಿಗೆ ಹಿಡಿದಾಗ ಕೇತಿ ಅವಳಿಗೆ ಗಂಜಿ ಕುಡಿಸಲು ಹೋಗುತ್ತಿದ್ದಳು. ಒಂದು ದಿನ ಗಿಡ್ಡವ್ವ ಅವಳ ಕೈ ಹಿಡಿದುಕೊಂಡು ಕೇಳಿದಳಂತೆ, "ಗಿಡ ಎಷ್ಟೆತ್ತರ ಆಗಿದೆ?"

ಕೇತಿ ಗಂಜಿಯ ಬಟ್ಟಲು ಕೆಳಗಿಟ್ಟಳು.

"ಎಡಮುರಿ ಬೇರಿನ ವಾಸನೆ ನನಗೆ ಗೊತ್ತಿಲ್ಲ ಅಂದ್ಕೊಂಡೆಯಾ? ಹೊಟ್ಟೆನೋವಿಗೆ ಅದನ್ನ ತೇಯ್ದು ತೇಯ್ದೇ ನನ್ನ ಕೈ ಸವೆದಿದೆ."

"ಮತ್ತೆ ಯಾಕೆ ಸರಿ ಅಂದೆ ಅವ್ವ?"

"ನಾನು ಮೂರು ಕೂಸನ್ನ ಬೂರುಗದ ಬುಡಕ್ಕೆ ಕೊಟ್ಟವಳು. ಮೂರು ಸಸಿ ಕಿತ್ತವಳು" ಅಂದಳು ಗಿಡ್ಡವ್ವ. "ನನಗೆ ನಿನ್ನ ಧೈರ್ಯ ಬರಲಿಲ್ಲ. ಈಗ ಹತ್ತಿ ಹಾರುವಾಗ ಯಾವುದು ನನ್ನದು ಅಂತಲೂ ಗೊತ್ತಾಗೋದಿಲ್ಲ."

ಆ ಮಳೆಗಾಲದಲ್ಲಿ ಗಿಡ್ಡವ್ವ ತೀರಿಕೊಂಡಳು. ಅವಳ ಮರದ ಪಡುವಲ ಮುಖದ ನಾರಿನಿಂದ ಅವಳನ್ನು ಕಟ್ಟಿದರು. ಗಂಟು ಕೂಡಿತು.

ಗಿಡ ಮರವಾಯಿತು. ಕೇತಿ ವರ್ಷಕ್ಕೊಂದು ಸಲ, ಕೂಸು ಹುಟ್ಟಿದ ದಿನ, ಅದನ್ನು ಅಳೆಯುತ್ತಿದ್ದಳಂತೆ. ಮೊದಲು ಬೆರಳುಗಳಲ್ಲಿ ಹಿಡಿಯುವಷ್ಟಿತ್ತು. ಆಮೇಲೆ ತೋಳಿನ ಗಾತ್ರ ಆಯಿತು. ಆಮೇಲೆ ಹದಿನಾರರ ಹುಡುಗಿಯ ಸೊಂಟದ ಗಾತ್ರ ಆಯಿತು. ಆ ವರ್ಷ ಕೇತಿ ಮನೆಗೆ ಬಂದು ಮಸಣನಿಗೆ, "ಈ ವರ್ಷ ಮದುವೆ ಮಾಡಬಹುದಿತ್ತು" ಅಂದಳು. ಮಸಣ ಒಲೆಗೆ ಸೌದೆ ನೂಕಿದ. ಕೊನೆಗೆ ಅದು ಎರಡೂ ತೋಳು ಬಳಸಿ ಅಪ್ಪಿಕೊಳ್ಳುವಷ್ಟಾಯಿತು. ಆಮೇಲೆ ಅವಳು ಅಳೆಯಲಿಲ್ಲ. ಸುಮ್ಮನೆ ಅಪ್ಪಿಕೊಂಡು ಬರುತ್ತಿದ್ದಳು.

ಮರಗಳು ಮಾತಾಡುತ್ತಿದ್ದ ಕಾಲ ಅದು ಅಂದೆನಲ್ಲ. ಆದರೆ ಕೂಸಿನ ಮರ ಮಾತ್ರ ಒಂದು ದಿನವೂ ಮಾತಾಡಲಿಲ್ಲ. ಮಾತು ಕಲಿಯುವ ಮೊದಲೇ ಹೋದ ಕೂಸು ಅದು.

ಒಂದು ಬೇಸಿಗೆ ಕೇತಿಗೆ ಕಾಯಿಲೆ ಬಂತು. ಉಸಿರು ಎಳೆಯಲು ಕಷ್ಟ. ಜಡೆಯ ಹತ್ತಿರ ಕೂತಿದ್ದ. ಅವನ ಕೂದಲೂ ನರೆತಿತ್ತು. ಹೊರಗೆ ಬೂರುಗದ ಕಾಯಿ ಒಡೆದು ಹತ್ತಿ ಹಾರುತ್ತಿತ್ತು. ಒಂದೊಂದು ಎಳೆ ತಟ್ಟಿಯ ಸಂದಿಯಿಂದ ಒಳಗೆ ಬಂದು ಸುತ್ತಿ ಹೋಗುತ್ತಿತ್ತು.

"ಜಡೆಯ, ನನ್ನನ್ನ ಬೂರುಗದ ಹತ್ತಿರ ಬಿಟ್ಟುಬಿಡು. ಕಟ್ಟು ಗಿಟ್ಟು ಅಂತ ಒದ್ದಾಡಬೇಡ."

"ಹಂಗೆಲ್ಲ ಅನ್ನಬೇಡ ಅಕ್ಕ."

"ನಿನ್ನ ತಲೆಯಲ್ಲಿ ಏನಿದೆ ಅಂತ ನನಗೆ ಗೊತ್ತು. ಚಿಕ್ಕವನಿದ್ದಾಗಿಂದ ನೋಡಿದೀನಿ. ಬಡಗಲ ಮುಖ ಮುಟ್ಟಬೇಡ. ಅದು ಮರದ್ದು."

ಜಡೆಯ ಆಗಲಿ ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಕೇತಿ ಹಾರುವ ಎಳೆಯೊಂದನ್ನು ಹಿಡಿಯಲು ಕೈ ಚಾಚಿದಳು. ಅದು ಸಿಗಲಿಲ್ಲ. "ಹಗುರ ಇದೆ ಅಲ್ವಾ" ಅಂದಳು. ಅವಳ ಕೊನೆಯ ಮಾತು ಅದು ಅಂತೆ. ಬೆಳಗಾಗುವ ಹೊತ್ತಿಗೆ ಕೇತಿ ಇರಲಿಲ್ಲ.

ಮಸಣ ಅವಳ ಪಕ್ಕದಲ್ಲಿ ಕೂತವನು ಮೇಲೇಳಲಿಲ್ಲ. ಹಾಡಿಯವರು ಚಾಪೆ ತಂದರು. ಕಟ್ಟಿಗೆ ಏನು ಅಂತ ಯಾರೂ ಬಾಯಿಬಿಟ್ಟು ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಜಡೆಯ ಎದ್ದು ಕತ್ತಿ ತೆಗೆದುಕೊಂಡ. ಯಾರಿಗೂ ಹೇಳದೆ ಅಕ್ಕನ ಮರದ ಹತ್ತಿರ ಹೋಗಿ ಬಡಗಲ ಮುಖದ ಎದುರು ನಿಂತ. ಮೂಡಲ ಮುಖದಲ್ಲಿ ಅವನೇ ಹರೆಯದಲ್ಲಿ ತೆಗೆದ ತೊಗಟೆಯ ಗಾಯ ಮಾಗಿ ಗೆರೆಯಾಗಿತ್ತು.

"ಯಾರು? ಯಾವ ಮುಖ? ಯಾತಕ್ಕೆ?"

"ನಾನು ಜಡೆಯ, ಕೇತಿಯ ತಮ್ಮ. ಬಡಗಲ ಮುಖ. ಅಕ್ಕನ ಕಟ್ಟಿಗೆ."

"ಮೂರು ಮುಖ ನಿಮಗೆ, ಒಂದು ಮುಖ ನನಗೆ."

"ಗೊತ್ತು. ನೀನು ಸಾಯ್ತೀಯ ಅಂತ ಗೊತ್ತು. ತಪ್ಪು ಅಂತಲೂ ಗೊತ್ತು" ಅಂದ ಜಡೆಯ. "ಭಾವನ ಹಗ್ಗ ನಾನು ಒಂದು ಸಲವೂ ಬಿಟ್ಟಿಲ್ಲ. ಅಕ್ಕನನ್ನ ಗಾಳಿಗೆ ಬಿಡು ಅಂದರೆ ನನ್ನ ಕೈಯಲ್ಲಿ ಆಗೋದಿಲ್ಲ."

ಕತ್ತಿ ಎತ್ತಿದ. ಆಗ ಮರ ಹೇಳಿತಂತೆ, "ಕಡಿಯೋದಾದರೆ ಕಡಿ. ನಾನು ಓಡಿಹೋಗೋದಿಲ್ಲ. ಅದಕ್ಕೆ ಮೊದಲು ಒಂದು ಸಲ ನಿನ್ನ ಬಲಕ್ಕೆ ನೋಡು."

ಜಡೆಯ ಬಲಕ್ಕೆ ನೋಡಿದ. ಪಡುವಲಿಗೆ, ಬೆಳಗಿನ ನೆರಳು ಬಿದ್ದ ಕಡೆ, ಒಂದು ದಡಸಲು ಮರ ನಿಂತಿತ್ತು. ಸುತ್ತ ಹಳೆಯ ಮುಳ್ಳುಬೇಲಿ. ಆ ಮರವನ್ನು ಅವನು ಎಷ್ಟೋ ಸಲ ನೋಡಿದ್ದ, ಕಾಡಿನ ಮರ ಅಂದುಕೊಂಡಿದ್ದ. ಈಗ ಬೇಲಿ ನೋಡಿದ. ಆ ಗಂಟು ಅವನ ಭಾವ ಹಾಕುವ ಗಂಟು. ಬುಡದಲ್ಲಿ ನೀರು ಹೊಯ್ದು ಹೊಯ್ದು ಆದ ಪಾತಿ ನೋಡಿದ. ಮರದ ಮೈ ನೋಡಿದ. ನಾಲ್ಕು ಮುಖದಲ್ಲೂ ಕತ್ತಿ ತಾಗಿದ ಗುರುತಿಲ್ಲ. ಹಾಡಿಯಲ್ಲಿ ಅಷ್ಟು ದೊಡ್ಡ ಮರ, ಒಂದು ಗಾಯವಿಲ್ಲದ್ದು, ಇನ್ನೊಂದಿರಲಿಲ್ಲ. ಮಸಣನಿಗೆ ಆ ಮರ ಗೊತ್ತಿತ್ತು. ಆದರೆ ಅವನಿಗೆ ಅದು ನಾರಿನ ಮರವಲ್ಲ, ಮಗಳು. ಮಗಳ ಮೈಗೆ ಕತ್ತಿ ಇಡುವ ಯೋಚನೆ ಯಾವ ಅಪ್ಪನಿಗೆ ಬಂದೀತು?

ಜಡೆಯ ಬೇಲಿ ಸರಿಸಿ ಒಳಗೆ ಹೋದ. ಬೇಸಿಗೆಯಲ್ಲಿ ದಡಸಲಿನ ತೊಗಟೆ ಮರಕ್ಕೆ ಕಚ್ಚಿಕೊಂಡಿರುತ್ತದೆ, ಕತ್ತಿ ಹಾಕಿದರೂ ಸುಲಭಕ್ಕೆ ಬಿಡುವುದಿಲ್ಲ. ಅದು ಅವನಿಗೆ ಗೊತ್ತಿತ್ತು. ಅವನು ಕತ್ತಿಯನ್ನು ಕೆಳಗಿಟ್ಟು ಮರದ ಮೇಲೆ ಕೈ ಇಟ್ಟ.

ಆಗ ಮರ ಮಾತಾಡಿತಂತೆ. ಎಂದೂ ಮಾತಾಡದ ಮರ, ಈಗಷ್ಟೇ ಮಾತು ಕಲಿತ ಮಗುವಿನ ಹಾಗೆ, ಒಂದೊಂದೇ ಮಾತು.

"ಯಾರು?"

"ನಿನ್ನ ಸೋದರಮಾವ ಕಣವ್ವ. ಜಡೆಯ."

"ಯಾವ ಮುಖ?"

"ಅದು ನನಗೆ ಗೊತ್ತಿಲ್ಲ. ನೀನೇ ಹೇಳು."

"ಯಾತಕ್ಕೆ?"

"ನಿನ್ನ ಅವ್ವನಿಗೆ" ಅಂದ ಜಡೆಯ.

"ಮೂಡಲ ಮುಖ ತಕ್ಕೋ ಮಾವ" ಅಂದಿತು. "ನನಗೆ ಮದುವೆ ಆಗಲಿಲ್ಲವಲ್ಲ."

ಜಡೆಯ ಕತ್ತಿ ಎತ್ತಿಕೊಳ್ಳಲು ಬಗ್ಗಿದ. ಅವನು ಬಗ್ಗಿ ಏಳುವಷ್ಟರಲ್ಲಿ ಮೂಡಲ ಮುಖದ ತೊಗಟೆ ಮೇಲಿನಿಂದ ಕೆಳಗಿನವರೆಗೆ, ಅಂಗೈ ಅಗಲ, ತಾನೇ ಬಿಟ್ಟು ಅವನ ತೋಳಿನ ಮೇಲೆ ಬಂದು ಬಿತ್ತಂತೆ. ಸುಡುವ ಬೇಸಿಗೆಯಲ್ಲಿ ಅದು ಮಳೆಗಾಲದ ತೊಗಟೆಯಷ್ಟು ಹಸಿಯಾಗಿತ್ತು.

ಅವನು ಅದನ್ನು ಹೊತ್ತು ಹಾಡಿಗೆ ಬಂದ. ಎಲ್ಲಿಂದ ತಂದೆ ಅಂತ ಹಾಡಿಯವರು ಕೇಳಿದರು. ಜಡೆಯ ಹೇಳಿದ. ಒಬ್ಬ ಮುದುಕ, "ತಾಯಿಯದು ಕೂಸಿಗೆ ಆಯಿತು, ಅದನ್ನ ನಾವೇ ನೋಡಿದೀವಿ. ಕೂಸಿನದು ತಾಯಿಗೆ ಆಗುತ್ತಾ?" ಅಂದ.

ಆಗ ಮಸಣ ತಲೆ ಎತ್ತಿದ. ತೊಗಟೆಯ ಮೇಲೆ ಕೈ ಆಡಿಸಿದ. "ಒಂದು ಕಡೆಯಿಂದ ಕಟ್ಟಿದ ಬಳ್ಳಿ ಇನ್ನೊಂದು ಕಡೆಯಿಂದ ಬಿಚ್ಚಿರುತ್ತಾ? ಕಟ್ಟಿ ನೋಡು ಜಡೆಯ" ಅಂದ. ಬಾಮೈದ ಅನ್ನದೆ ಹೆಸರು ಹಿಡಿದು ಅವನನ್ನು ಕರೆದದ್ದು ಅದೇ ಮೊದಲಂತೆ.

ಜಡೆಯ ಕಟ್ಟಿದ. ಕಾಲು ಕಟ್ಟಿದ, ಗಂಟು ಕೂಡಿತು. ಸೊಂಟ ಕಟ್ಟಿದ, ಗಂಟು ಕೂಡಿತು. ಎದೆಯ ಮೇಲಿನ ಗಂಟನ್ನು ಮಸಣ ಹಾಕಿದ. ಅದೂ ಕೂಡಿತು. ಕೇತಿಯನ್ನು ಆ ಚಿಕ್ಕ ಗುಂಡಿಯ ಪಕ್ಕದಲ್ಲೇ ಮಣ್ಣು ಮಾಡಿದರು.

ಸಂಜೆ ಮಸಣನೂ ಜಡೆಯನೂ ಮರದ ಹತ್ತಿರ ಹೋದರು. ಮೂಡಲ ಮುಖದ ಗಾಯದಿಂದ ಲೋಳೆ ಇಳಿಯುತ್ತಿತ್ತು. ಗಾಳಿಯಲ್ಲಿ ಬೂರುಗದ ಹತ್ತಿ ಹಾರುತ್ತಿತ್ತು. ಎಲ್ಲೂ ನಿಲ್ಲದ ಹತ್ತಿ ಅದು. ಮೊದಲು ಮೂರು ಎಳೆ ಒಟ್ಟಿಗೆ ಬಂದು ಆ ಲೋಳೆಗೆ ಅಂಟಿಕೊಂಡವಂತೆ. ಆಮೇಲೆ ಇನ್ನೊಂದು ಬಂತು, ಆಮೇಲೆ ಮತ್ತೊಂದು. ಕತ್ತಲಾಗುವಷ್ಟರಲ್ಲಿ ಅಂಗೈ ಅಗಲದ ಆ ಗಾಯ ಬಟ್ಟೆ ಹೊದಿಸಿದ ಹಾಗೆ ಬೆಳ್ಳಗಾಗಿತ್ತು. ಇಬ್ಬರೂ ನೋಡುತ್ತಾ ನಿಂತರು. ಹಾಡಿಯ ಕಡೆಯಿಂದ ಒಬ್ಬೊಬ್ಬರಾಗಿ ಹೆಂಗಸರು ಬಂದರು. ಬಾಗಿಲು ಮುಚ್ಚಿಕೊಂಡು ಒಳಗೆ ಇರುತ್ತಿದ್ದವರು. ಮರದ ಹತ್ತಿರ ಬಂದು ನೋಡಿ, ಮುಟ್ಟದೆ ಹೋದರು.

ಆಮೇಲೆ ಆ ಹಾಡಿಯಲ್ಲಿ, ಇನ್ನೊಂದು ಕೂಸು ಬರುವುದಿಲ್ಲ ಅನ್ನುವ ಹಳೆಯ ಭಯ ಬಿಟ್ಟು, ಸತ್ತ ಕೂಸಿನ ಸಸಿಯನ್ನು ಯಾರೂ ಕೀಳಲಿಲ್ಲವಂತೆ. ಕೂಸಿಗೆ ತಾಯಿ ತನ್ನ ಮರದ ಮುಖ ಕೊಡುತ್ತಾಳೆ, ತಾಯಿಗೆ ಕೂಸು ತನ್ನದನ್ನು ಕೊಡುತ್ತದೆ. ಬೂರುಗದ ಬುಡಕ್ಕೆ ಎಳೆ ಕೂಸುಗಳು ಹೋಗುವುದು ನಿಂತಿತು. ಕೇತಿಯ ಮರದ ಬಡಗಲ ಮುಖ ಹಾಗೇ ಉಳಿಯಿತು. ಮರಗಳು ಮಾತಾಡುವುದು ಯಾವಾಗ ನಿಂತಿತೋ ಗೊತ್ತಿಲ್ಲ. ಬೂರುಗದ ಹತ್ತಿ ಈಗಲೂ ಹಾರುತ್ತದೆ. ಕಾಡಿನಲ್ಲಿ ಎಲ್ಲಾದರೂ ದಡಸಲಿನ ಗಾಯದ ಮೇಲೆ ಅದು ಅಂಟಿಕೊಂಡಿದ್ದರೆ ತೆಗೆಯಬೇಡಿ ಅನ್ನುತ್ತಾರೆ. ಅದು ಯಾರದೋ ನಿಂತ ಕೂಸು.

ತಾಯಿ ಮಗಳ ಎರಡು ಮರ ಆ ಕಾಡಿನಲ್ಲಿ ಉಳಿದವು, ಕೇಳಿದ ನಾವು ಈ ಊರಿನಲ್ಲಿ ಉಳಿದೆವು. ಹೇಳುವ ನಾರು ಇಷ್ಟೇ ಇತ್ತು, ಗಂಟು ಹಾಕಿದ್ದೇನೆ.